ಗಾಳಿಯಿಲ್ಲದ ಕೋಣೆಯಲ್ಲಿ ಹೆಲಿಕಾಪ್ಟರ್

ದಿಲ್‌ಪಸಂದ್ ವಾಸನೆ, ಕೆಳಗಿನ ಬೇಕರಿಯದು, ಕೊಬ್ಬರಿ ಬೆಂದು ಸಕ್ಕರೆ ಕರಗುವಾಗಿನ ಬಿಸಿ ವಾಸನೆ ಮೆಟ್ಟಿಲು ಹತ್ತಿಕೊಂಡು ಈ ಕೋಣೆಯವರೆಗೂ ಬಂದಿದೆ, ಏಸಿ ಹಾಕಿ ಕಿಟಕಿ ಮುಚ್ಚಿ ಪರದೆ ಎಳೆದು ಗವಿ ಮಾಡಿಟ್ಟಿದ್ದಾನೆ ಈ ಅಂಗಡಿಯ ಮುದಸ್ಸಿರ್, ಹೊರಗೆ ಮಾಸ್ಕ್ ರೋಡಿನಲ್ಲಿ ಮಟಮಟ ಮಧ್ಯಾಹ್ನ, ಒಳಗೆ ಗೋಡೆಯಷ್ಟು ಟೀವಿ, ಟೀವಿಯೊಳಗೆ ಯಾವುದೋ ಊರಿನ ಹಸಿರು ಮೈದಾನ, ಮೈದಾನದಲ್ಲಿ ಸುಣ್ಣದಿಂದ ಬರೆದ ಒಂದು ಬಿಳಿ ವೃತ್ತ — ನನಗೆ ಹಸಿವಾಗುತ್ತಿದೆ, ಇಂಥ ಹೊತ್ತಲ್ಲೂ ಹಸಿವಾಗುತ್ತದಲ್ಲ ಈ ಹಾಳು ಹೊಟ್ಟೆಗೆ — ಟೀವಿಯ ಮುಂದೆ, ಕೂತಲ್ಲೇ ಹೆಲಿಕಾಪ್ಟರ್ ಹಾರಿಸುವ ಆಟಕ್ಕೆಂದು, ಕಬ್ಬಿಣದ ಚೌಕಟ್ಟು, ಅದಕ್ಕೊಂದು ಕಾರಿನ ಸೀಟು, ಕಾಲಿಗೆರಡು ಪೆಡಲು, ಎಡಗೈಗೊಂದು ಲಿವರು, ಎರಡು ಮೊಣಕಾಲುಗಳ ನಡುವೆ ಸ್ಟಿಕ್ ಇಡುವ ಜಾಗ. ಇವರು ಸೀಟು ಹತ್ತುವಾಗ ಮುದಸ್ಸಿರ್ ಕೈ ಕೊಡಲು ಬಂದ, ನಿಧಾನ ಕ್ಯಾಪ್ಟನ್ ಸರ್, ನಿಧಾನ, ಅಂದ, ಇವರು ಅವನ ಕೈಯ ಕಡೆ ನೋಡಲೂ ಇಲ್ಲ, ನಾನು ಹತ್ತಿ ಇಳಿದಿರೋ ಸೀಟು ಎಷ್ಟು ಅಂತ ಗೊತ್ತೇನಪ್ಪ ನಿನಗೆ, ಅಂದರು. ಜಂಬ, ಈ ಜಂಬಕ್ಕೇನೂ ಕಮ್ಮಿಯಿಲ್ಲ. ಬೆಳಗ್ಗೆ ಇವರ ಅಂಗಿಯ ಗುಂಡಿ ಹಾಕಿದವಳು ನಾನು.

ಎರಡು ಸ್ಟಿಕ್ ತೋರಿಸುತ್ತಾನಂತೆ, ಒಂದು ಚಿಕ್ಕದು, ಒಂದು ದೊಡ್ಡದು, ಎರಡರಲ್ಲಿ ಒಂದನ್ನು ಆರಿಸಿಕೊಂಡು ಹೋಗಬೇಕು ಎಂದೇ ಹಲಸೂರಿನಿಂದ ಆಟೋ ಹಿಡಿದು ಬಂದಿದ್ದೇವೆ, ನನ್ನ ಕಣ್ಣಿಗೆ ಎರಡೂ ಕೋಲೇ, ಹಾಗಂದರೆ ಇವರಿಗೆ ಸಿಟ್ಟು. ಮನೆಯಲ್ಲಿ ಒಂದು ಇತ್ತಲ್ಲ, ನಮ್ಮಕ್ಕನ ಮಗ ಚಿಕ್ಕಪ್ಪನ ಬೇಜಾರು ಕಳೆಯಲಿ ಎಂದು ತಂದುಕೊಟ್ಟಿದ್ದು, ಇವರು ಒಂದೇ ಸಲ ಹಿಡಿದು ಥೂ, ಇದರೊಳಗೆ ಸ್ಪ್ರಿಂಗ್ ಇದೆ, ಎಂದು ಮಂಚದ ಕೆಳಗೆ ತಳ್ಳಿಬಿಟ್ಟರು. ಸ್ಪ್ರಿಂಗ್ ಇದ್ದರೇನಂತೆ ಎಂದು ಕೇಳಿದ್ದೇ ತಪ್ಪಾಯಿತು, ಒಲೆಯ ಮೇಲಿನ ಸಾರು ಬತ್ತುವವರೆಗೆ ಪಾಠ — ಕೈ ಬಿಟ್ರೆ ಸ್ಪ್ರಿಂಗು ಅದನ್ನ ನಡುವಿಗೆ ಎಳ್ಕೊಂಡ್ಬಿಡುತ್ತೆ ಕಣೇ ಸುಭದ್ರಾ, ಹೆಲಿಕಾಪ್ಟರ್ ಸ್ಟಿಕ್ ಹಂಗಲ್ಲ, ಎಲ್ಲಿ ಬಿಟ್ಟೆಯೋ ಅಲ್ಲೇ ಇರ್ಬೇಕು, ಗುಂಡಿ ಒತ್ತಿದ್ರೆ ಸಡಿಲ ಆಗ್ಬೇಕು, ಗುಂಡಿ ಬಿಟ್ರೆ ಹೊಸ ಜಾಗದಲ್ಲಿ ಗಟ್ಟಿಯಾಗಿ ಕೂತ್ಕೋಬೇಕು, ಅದಕ್ಕೆ ಒಳಗೆ ಮೋಟಾರ್ ಇರೋ ಸ್ಟಿಕ್ ಬೇಕು, ಫೋರ್ಸ್ ಫೀಡ್‌ಬ್ಯಾಕ್ ಅಂತಾರೆ, ನೀನು ಅದಕ್ಕೆ ಹೇಳ್ತೀಯ, ಅದೂ ನಿನ್ನ ಕೈಗೆ ತಿರುಗಿ ಹೇಳುತ್ತೆ. ಗಂಡ ಹೆಂಡ್ತಿ ಥರ ಅನ್ನಿ, ಅಂದೆ ನಾನು. ಅಷ್ಟೊಂದು ಮಾತಾಡಲ್ಲ ಬಿಡು, ಅಂದರು ಇವರು. ಅಯ್ಯೋ, ತಮಾಷೆ ಮಾಡಿದರು! ಹಾರಿಸುವ ಲೈಸೆನ್ಸ್ ಹೋದ ಮೇಲೆ ಅದೇ ಮೊದಲು, ಸೌಟು ಹಿಡಿದುಕೊಂಡು ನಿಂತಲ್ಲೇ ನಿಂತೆ, ಎಂಥದಾದರೂ ಕೋಲು ಇರಲಿ, ಮೋಟಾರಿರಲಿ ಮಣ್ಣಿರಲಿ, ತಂದೇಬಿಡೋಣ ಅಂದುಕೊಂಡೆ. ಸಾರು ತಳ ಹಿಡಿದಿತ್ತು, ಅದನ್ನೇ ಉಂಡರು, ಚೆನ್ನಾಗಿದೆ ಅಂದರು.

ಬೇಜಾರು ಕಳೆಯಲು ಅಲ್ಲ ಇವರು ಇಲ್ಲಿಗೆ ಬಂದಿರುವುದು, ಅದು ನನಗೊಬ್ಬಳಿಗೇ ಗೊತ್ತು, ಮುದಸ್ಸಿರನಿಗೆ ಗೊತ್ತಿಲ್ಲ, ಅವನು ಯಾರೋ ರಿಟೈರಾದ ಪೈಲಟ್ ಸಾಹೇಬರು ಶೋಕಿಗೆ ಬಂದಿದ್ದಾರೆ ಅಂದುಕೊಂಡಿದ್ದಾನೆ. ಹೋದ ವಾರ ಕಾಫಿ ಲೋಟ ಎತ್ತಿ ತುಟಿಗೆ ತರುವಷ್ಟರಲ್ಲಿ ಅರ್ಧ ಪಂಚೆಯ ಮೇಲೆ, ನಾನು ಬಟ್ಟೆ ತಂದೆ, ಒರೆಸಲು ಬಿಡಲಿಲ್ಲ, ತಾವೇ ಒರೆಸಿಕೊಳ್ಳುತ್ತಾ ಅಂದರು, ಲೋಟ ಗೀಟ ಎಲ್ಲ ಬಿಡು, ಇವೆಲ್ಲ ಈ ಕೈ ಕಲಿತ ಕೆಲಸಗಳಲ್ಲ, ಸ್ಟಿಕ್ ಕೊಟ್ಟು ನೋಡು, ಸ್ಟಿಕ್ ಹಿಡಿದರೆ ಈ ಕೈ ನೆಟ್ಟಗಾಗುತ್ತೆ, ನೋಡ್ತಿರು ನೀನು. ನಾನು ಹೂಂ ಅಂದೆ. ಹಿಮದ ಬೆಟ್ಟಗಳ ಮೇಲೆ ಗಡಿ ಚೌಕಿಯವರಿಗೆ ಅಕ್ಕಿ ಸೀಮೆಎಣ್ಣೆ ಇಳಿಸಿದ ಕೈ ಅದು, ಇಳಿಸುವುದಕ್ಕೆ ನೆಲವೇ ಇಲ್ಲದ ಕಡೆ ಬಂಡೆಗೆ ಒಂದೇ ಚಕ್ರ ಊರಿಕೊಂಡು ನಿಂತ ಕೈ, ಹೂಂ ಅನ್ನದೆ ಇನ್ನೇನು ಅನ್ನಲಿ, ಆದರೆ ಹೂಂ ಅಂದವಳು ಅವತ್ತಿನಿಂದ ಒಂದೇ ಸಮನೆ ಕೇಳಿಕೊಳ್ಳುತ್ತಿದ್ದೇನೆ, ನೆಟ್ಟಗಾಗದೆ ಹೋದರೆ? ಇದೊಂದು ಜಾಗ ಉಳಿದಿದೆ ಎಂದು ನಂಬಿಕೊಂಡು ಕೂತಿರುವ ಮನುಷ್ಯನಿಗೆ ಇದೊಂದೂ ಇಲ್ಲ ಎಂದು ಗೊತ್ತಾದರೆ? ಬೇಡ ಅನ್ನೋಣ, ಜ್ವರ ಅನ್ನೋಣ, ಮಂಡಿ ನೋವು ಅನ್ನೋಣ ಎಂದು ಬೆಳಗ್ಗೆಯಿಂದ ನೆಪ ಹುಡುಕಿದೆ, ಇವರು ನನಗಿಂತ ಮುಂಚೆ ಶೂ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು. ಆಟೋದಲ್ಲಿ ಖುಷಿಯಾಗಿದ್ದರು ಪಾಪ, ಆಟೋ ಅಂದರೆ ಇವರಿಗೆ ಈಗೀಗ ಇಷ್ಟ, ಅದರಲ್ಲಿ ಎಲ್ಲವೂ ನಡುಗುತ್ತದೆ, ಡ್ರೈವರಿನ ಭುಜ, ದೇವರ ಫೋಟೋ, ನನ್ನ ಬಳೆ, ಹಾಗಾಗಿ ಇವರ ಕೈ ಯಾರಿಗೂ ಗೊತ್ತಾಗುವುದಿಲ್ಲ.

ಮೊದಲು ಚಿಕ್ಕದು. ಮುದಸ್ಸಿರ್ ಸ್ಕ್ರೂ ಬಿಗಿದು, ಕಂಪ್ಯೂಟರಿನಲ್ಲಿ ಏನೋ ಒತ್ತಿ, ಆಯ್ತು ಕ್ಯಾಪ್ಟನ್ ಸರ್, ಎಂಜಿನ್ ಆನ್ ಇದೆ, ಎತ್ತಿ, ಅಂದ. ಇವರು ಎತ್ತಲಿಲ್ಲ, ಮೊದಲು ಬಲಗಡೆ ನೋಡಿದರು, ಎಡಗಡೆ ನೋಡಿದರು, ಮೇಲೆ ನೋಡಿದರು — ಮೇಲೆ ಮುದಸ್ಸಿರನ ಟ್ಯೂಬ್‌ಲೈಟು — ಮುಂಗೈಯನ್ನು ತೊಡೆಯ ಮೇಲೆ ಒರಗಿಸಿ ಬೆರಳ ತುದಿಯಲ್ಲಿ ಮಾತ್ರ ಸ್ಟಿಕ್ ಮುಟ್ಟಿದರು, ಮುಷ್ಟಿಯಲ್ಲಿ ಹಿಡಿಯುವವನು ಎಮ್ಮೆ ಕಾಯಬೇಕು ಎಂದು ಹಾರಲು ಕಲಿಯುವ ಶಿಷ್ಯರಿಗೆ ಬೈಯುತ್ತಿದ್ದದ್ದು ನೆನಪಾಯಿತು, ಮೆಲ್ಲಗೆ ಎಡಗೈ ಎತ್ತಿದರು, ಟೀವಿಯ ಮೈದಾನ ಕೆಳಗಿಳಿಯಿತು, ಹೆಲಿಕಾಪ್ಟರ್ ಎದ್ದಿತು, ದೇವರೇ, ಎದ್ದಿತು, ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡೆ. ಆ ವೃತ್ತದ ಮೇಲೆ ಅಲ್ಲಾಡದೆ ನಿಲ್ಲಿಸಬೇಕು, ಅಷ್ಟೇ, ಅದೇ ಎಲ್ಲಕ್ಕಿಂತ ಕಷ್ಟ ಅನ್ನುತ್ತಿದ್ದರು, ಹೋಗುವುದು ಬರುವುದು ಯಾರು ಬೇಕಾದರೂ ಕಲಿಯುತ್ತಾರೆ, ನಿಲ್ಲುವುದು ಕಲಿಯಬೇಕು. ನಿಲ್ಲಲಿಲ್ಲ. ಮೈದಾನ ಅದುರಿತು, ವೃತ್ತ ಅದುರಿತು, ದೂರದ ಮರಗಳ ಸಾಲು ಅದುರಿತು. ಗಾಳಿ ಎಷ್ಟಿದೆ, ಎಂದು ಕೇಳಿದರು ಇವರು, ಕಣ್ಣು ಟೀವಿಯಿಂದ ತೆಗೆಯದೆ. ಗಾಳಿ ಇಲ್ಲ ಸರ್, ಸೊನ್ನೆ ಇಟ್ಟಿದೀನಿ, ಅಂದ ಮುದಸ್ಸಿರ್. ಇವರು ಸ್ವಲ್ಪ ಹೊತ್ತು ತಲೆ ವಾಲಿಸಿ ಕೂತರು, ಕಿವಿಯಿಂದಲ್ಲ ಬೆನ್ನಿನಿಂದ ಕೇಳುವ ಹಾಗೆ, ಆಮೇಲೆ ಎಷ್ಟು ಖಾತ್ರಿಯಿಂದ ಹೇಳಿದರೆಂದರೆ — ಬ್ಲೇಡ್ ಸರಿ ಇಲ್ಲಪ್ಪ ಇದರದ್ದು, ತಲೆ ಮೇಲೆ ಸುತ್ತೋ ಬ್ಲೇಡಲ್ಲಿ ಒಂದು ತೂಕ ತಪ್ಪಿದೆ, ಒಂದೊಂದು ಸುತ್ತಿಗೆ ಒಂದೊಂದು ಏಟು ಬರ್ತಿದೆ, ನೋಡು, ಟಕ್ ಟಕ್ ಟಕ್ ಟಕ್, ಸ್ಟಿಕ್ಕಲ್ಲೇ ಗೊತ್ತಾಗುತ್ತೆ, ಆ ಮೋಟಾರ್ ಅದುರಿಸೋದನ್ನ ಆಫ್ ಮಾಡು.

ಆಫ್ ಆಗಿಯೇ ಇದೆ ಸರ್, ಎಂದು ಮುದಸ್ಸಿರ್ ಬಾಯಿ ತೆರೆದ, ಆಗ ಅವನ ಕಣ್ಣು ಇವರ ಕೈಯ ಮೇಲೆ ಬಿತ್ತು, ನನ್ನ ಕಣ್ಣು ಅವನ ಮೇಲೆ ಬಿತ್ತು. ಟಕ್ ಟಕ್ ಟಕ್ ಟಕ್. ಬ್ಲೇಡಲ್ಲ, ಗಾಳಿಯಲ್ಲ, ಮೋಟಾರಲ್ಲ, ನನ್ನ ಗಂಡನ ಹೆಬ್ಬೆರಳು. ರಾತ್ರಿ ನಾನು ಪಕ್ಕದಲ್ಲಿ ಮಲಗಿ ಹಾಸಿಗೆಯ ಮೂಲಕ ಕೇಳಿಸಿಕೊಳ್ಳುವ ತಾಳ ಅದು, ನನಗೆ ಗೊತ್ತಿಲ್ಲವೇ. ಇವರಿಗೆ ಗೊತ್ತಾಗಲಿಲ್ಲ! ಲೋಟದಲ್ಲಿ ಗೊತ್ತಾಗುತ್ತದೆ, ಪೆನ್ನಿನಲ್ಲಿ ಗೊತ್ತಾಗುತ್ತದೆ, ಸ್ಟಿಕ್ ಹಿಡಿದಾಕ್ಷಣ ಇವರ ಮೈಗೆ ನೆನಪಾಗಿದ್ದು ಹೆಲಿಕಾಪ್ಟರಿನ ಕಾಯಿಲೆ, ತಮ್ಮದಲ್ಲ. ಡಾಕ್ಟರು ಹೇಳಿದ್ದರು, ಕೈ ಕೆಲಸದಲ್ಲಿದ್ದಾಗ ನಡುಕ ಕಮ್ಮಿ ಇರುತ್ತೆ ಅಮ್ಮಾ, ಸುಮ್ಮನೆ ಇಟ್ಟಾಗಲೇ ಜಾಸ್ತಿ, ಇವರು ಅದನ್ನು ಕೇಳಿ ಅರಳಿದ್ದರು, ನೋಡಿದೆಯಾ, ಕೆಲಸ ಕೊಟ್ಟರೆ ಇರಲ್ಲ ಎಂದು, ಆದರೆ ಈ ಕೆಲಸದ ಪರಮ ಗುಟ್ಟೇ ಕೈಯನ್ನು ಸುಮ್ಮನೆ ಇಟ್ಟಿರುವುದು, ಇದಕ್ಕಿಂತ ಅನ್ಯಾಯ ಉಂಟೇನು, ಹುಡುಕಿ ಹುಡುಕಿ ಇವರ ಕೆಲಸದ ಮೂಲಕ್ಕೇ ಬಂದು ಕೂತಿದೆಯಲ್ಲ ಶನಿ. ಮೆಷೀನು ಸರಿ ಇಲ್ಲ ಸರ್ ಎಂದು ಯಾವ ಶಿಷ್ಯ ಅಂದರೂ ಇವರು ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಗುತ್ತಿದ್ದರು, ಊಟಕ್ಕೆ ಕೂತಾಗ ನನಗೂ ಹೇಳಿ ನಗಿಸುತ್ತಿದ್ದರು — ಥೂ, ಈಗ ಯಾಕೆ ನೆನಪಾಗಬೇಕು ಅದು. ಮುದಸ್ಸಿರ್, ಹೌದು ಕ್ಯಾಪ್ಟನ್ ಸರ್, ಈ ಪೀಸ್ ಸ್ವಲ್ಪ ಕಂಪ್ಲೇಂಟ್ ಇದೆ, ಹಿಂದೆ ಬಂದವ್ರೂ ಹೇಳಿದ್ರು, ಅಂದ. ಅವನ ತಾಯಿಯ ಹೊಟ್ಟೆ ತಣ್ಣಗಿರಲಿ. ಹೇಳಿದೆನಲ್ಲ, ಎಂದರು ಇವರು, ಖುಷಿಯಿಂದ.

ದೊಡ್ಡದನ್ನು ಕೂರಿಸುತ್ತೀನಿ, ನೀವು ನೀರು ಕುಡಿಯಿರಿ ಎಂದು ಅವನು ಮೂಲೆಯ ಮೇಜಿನ ಕಡೆ ಬಂದಾಗ ನಾನೂ ಹಿಂದೆಯೇ ಹೋದೆ, ಪರ್ಸು ಹುಡುಕುವ ನಾಟಕ ಮಾಡುತ್ತಾ ಕೇಳಿದೆ, ಏನಾದ್ರೂ ಮಾಡೋಕಾಗುತ್ತೇನಪ್ಪ. ಅವನು ಪಿಸುಗುಟ್ಟಿದ, ಆಗುತ್ತೆ ಆಂಟಿ, ಇದರ ಮೋಟಾರ್ ಜೋರು, ಡ್ಯಾಂಪರ್ ಅಂತ ಒಂದಿದೆ, ಅದನ್ನ ಏರಿಸ್ಬಿಟ್ರೆ ಸ್ಟಿಕ್ಕು ಇಡ್ಲಿ ಹಿಟ್ಟಲ್ಲಿ ಸೌಟು ಆಡಿಸಿದಂಗೆ ಆಗುತ್ತೆ, ನಿಧಾನ ತಳ್ಳಿದ್ರೆ ಹೋಗುತ್ತೆ, ಚಿಕ್ಕ ಚಿಕ್ಕ ಶೇಕ್ ಎಲ್ಲ ಅದೇ ನುಂಗ್ಕೊಳ್ಳುತ್ತೆ, ನಮ್ಮ ದಾದಾಜಾನ್‌ಗೂ ಹಿಂಗೇ ಇತ್ತು ಆಂಟಿ, ನಂಗೆ ಗೊತ್ತು, ಟೆನ್ಶನ್ ತಗೋಬೇಡಿ. ಅವರಿಗೆ ಹೇಳ್ಬೇಡ, ಅಂದೆ. ಇಲ್ಲ ಇಲ್ಲ, ಅಂದ. ಏನು ಮೋಸ ಇದು ಎಂದು ಅನಿಸಲೇ ಇಲ್ಲ, ಮಾತ್ರೆಯನ್ನು ಬೆಲ್ಲದಲ್ಲಿ ಸುತ್ತಿ ಕೊಡುವುದಿಲ್ಲವೇ, ಹಾಗೆ, ಅಷ್ಟೇ.

ಎದ್ದಿತು, ಮತ್ತೆ ಎದ್ದಿತು, ಈ ಸಲ ಮೈದಾನ ತೊಟ್ಟಿಲಿನ ಹಾಗೆ ಮೆಲ್ಲಗೆ ಕೆಳಗೆ ಸರಿಯಿತು, ವೃತ್ತ ನಡುವಿಗೆ ಬಂತು, ನಿಂತಿತು. ನಿಂತೇ ಬಿಟ್ಟಿತು. ಮರಗಳು ನಿಂತವು, ಆಕಾಶದ ಗೆರೆ ನಿಂತಿತು, ಮತ್ತೆ ಕೈ — ಕೈ ನಿಂತಿತು, ನಾನು ಬಗ್ಗಿ ನೋಡಿದೆ, ಹೆಬ್ಬೆರಳು ಅಲ್ಲಾಡುತ್ತಿಲ್ಲ, ಮಣಿಕಟ್ಟಿನ ನರ ಅಲ್ಲಾಡುತ್ತಿಲ್ಲ, ಎಷ್ಟು ಕಾಲವಾಯಿತು ಈ ಕೈಯನ್ನು ಹೀಗೆ ನೋಡಿ, ಎಷ್ಟು ಚೆಂದದ ಕೈ, ಮದುವೆಯಾದ ಹೊಸದರಲ್ಲಿ ಹಲಸೂರಿನ ಕೆರೆಯ ದಂಡೆಯ ಮೇಲೆ ಕೂತು ಇದೇ ಕೈಯನ್ನು ನನ್ನ ತೊಡೆಯ ಮೇಲಿಟ್ಟುಕೊಂಡು ಉಗುರುಗಳಿಗೆ ಮೂಗು ಮುರಿದಿದ್ದೆ, ಎಷ್ಟು ಒರಟು ರೀ ನಿಮ್ಮ ಉಗುರು. ಸುಭದ್ರಾ, ಎಂದು ಕರೆದರು, ಬಂದೆ ಎಂದು ಹತ್ತಿರ ಹೋದೆ, ನೋಡೇ, ಅಂದರು, ನೋಡ್ದೆಯಾ, ಹೇಳಿರ್ಲಿಲ್ವಾ ನಾನು. ಹೇಳಿದ್ದಿರಿ, ಅಂದೆ. ಇವರು ನಗುತ್ತಿದ್ದರು, ಹಲ್ಲು ಕಾಣುವ ಹಾಗೆ. ಇದನ್ನೇ ಕಟ್ಟಿಸಿಕೊಂಡು ಹೋಗೋಣ, ಹಾಲ್‌ನಲ್ಲಿರುವ ದಿವಾನನ್ನು ಎತ್ತಿಸಿ ಅಲ್ಲಿ ಈ ಕಬ್ಬಿಣದ ಸಂಸಾರ ಇಡಿಸೋಣ, ನೆಂಟರು ಬಂದರೆ ನೆಲದ ಮೇಲೆ ಕೂರಲಿ, ದಿನಾ ಸಾಯಂಕಾಲ ಇವರು ಇಲ್ಲಿ ಹತ್ತಿ ಕೂರಲಿ, ನಾನು ಪಕ್ಕದಲ್ಲಿ ಸೊಪ್ಪು ಬಿಡಿಸುತ್ತೇನೆ, ಹಿಮಾಲಯವಾದರೂ ತೋರಿಸಲಿ ಕಾಶಿಯಾದರೂ ತೋರಿಸಲಿ, ಸುಖವಾಗಿತ್ತು, ನಿಜ ಹೇಳುತ್ತೇನೆ, ಆ ಒಂದು ಗಳಿಗೆ ನನಗೆ ಏನೂ ಬೇಕಾಗಿರಲಿಲ್ಲ.

ಮುದಸ್ಸಿರ್, ಅಂದರು ಇವರು. ನಗು ಇನ್ನೂ ಮುಖದ ಮೇಲೆಯೇ ಇತ್ತು, ಆದರೆ ಅದನ್ನು ಅಲ್ಲೇ ಮರೆತು ಇವರು ಬೇರೆಲ್ಲೋ ಹೋಗಿದ್ದರು. ನಿನ್ನ ಕೈ ತೆಗಿಯಪ್ಪ. ಮುದಸ್ಸಿರ್ ಎರಡೂ ಕೈ ಎತ್ತಿ ತೋರಿಸಿದ, ನಾನು ದೂರ ಇದೀನಿ ಸರ್. ಯಾರೋ ಇದಾರೆ ನನ್ನ ಜೊತೆ ಸ್ಟಿಕ್ ಮೇಲೆ, ಅಂದರು ಇವರು. ಅಯ್ಯೋ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ, ಯಾರಿಗೆ ಬೆಲ್ಲ ಸುತ್ತಿ ಕೊಡಲು ಹೋದೆ ನಾನು! ಇವರೇ ಕಲಿಸುವ ಮೇಷ್ಟ್ರಾಗಿದ್ದಾಗ ಮಾಡುತ್ತಿದ್ದದ್ದು ಇದೇ ಅಲ್ಲವೇ, ಪಕ್ಕದ ಸೀಟಿನಲ್ಲಿ ಕೂತು ಶಿಷ್ಯನಿಗೆ ಕಾಣದ ಹಾಗೆ ತಮ್ಮ ಸ್ಟಿಕ್ಕಿಗೆ ಎರಡು ಬೆರಳು ತಾಗಿಸಿಕೊಂಡಿರುವುದು, ಅವನು ನಡುಗಿದರೆ ಇವರು ತಡೆಯುವುದು, ದಡ್ಡ ಶಿಷ್ಯ ನಾನೇ ನಿಲ್ಲಿಸಿದೆ ಎಂದು ಬೀಗುತ್ತಾನೆ, ಒಳ್ಳೆಯವನಿಗೆ ಮಾತ್ರ ಗೊತ್ತಾಗುತ್ತದೆ, ಸರ್ ದಯವಿಟ್ಟು ಕೈ ತೆಗೀರಿ ಅನ್ನುತ್ತಾನೆ, ಅವತ್ತು ಅವನನ್ನು ಒಬ್ಬನೇ ಹಾರಲು ಬಿಡುತ್ತಿದ್ದರು. ಏನು ಹಾಕಿದೀಯ ಇದರೊಳಗೆ, ಎಂದು ಕೇಳಿದರು. ಮುದಸ್ಸಿರ್ ನನ್ನ ಕಡೆ ನೋಡಿದ. ನೋಡಬಾರದಿತ್ತು, ಪಾಪ, ಸುಳ್ಳು ಹೇಳಿ ಅಭ್ಯಾಸವಿಲ್ಲದವನು. ಇವರೂ ನನ್ನ ಕಡೆ ನೋಡಿದರು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ, ಬೈಯಲಿಲ್ಲ, ತೆಗೆಸು ಸುಭದ್ರಾ, ಅಂದರು, ಸಣ್ಣ ದನಿಯಲ್ಲಿ, ಕೇಳಿಕೊಳ್ಳುವ ಹಾಗೆ. ಬೇಡ ರೀ, ಚೆನ್ನಾಗೇ ಇದೆಯಲ್ಲ, ಇರ್ಲಿ ಬಿಡ್ರಿ, ಅಂದೆ. ತೆಗೆಸು. ಮುದಸ್ಸಿರ್ ಹೋಗಿ ಕಂಪ್ಯೂಟರಿನಲ್ಲಿ ಆ ಡ್ಯಾಂಪರಿನ ಗೆರೆಯನ್ನು ಕೆಳಕ್ಕೆ ಎಳೆದ, ನಿಧಾನವಾಗಿ ಎಳೆದ, ಎಳೆಯುತ್ತಿದ್ದ ಹಾಗೆ ಮೊದಲು ಮರಗಳು, ಆಮೇಲೆ ವೃತ್ತ, ಆಮೇಲೆ ಇಡೀ ಮೈದಾನ — ಟಕ್ ಟಕ್ ಟಕ್ ಟಕ್ — ಚಿಕ್ಕ ಸ್ಟಿಕ್ಕಿನಲ್ಲಿ ಇದ್ದದ್ದೇ, ಅದೇ ಏಟು, ಅದೇ ತಾಳ, ಎರಡು ಬೇರೆ ಮೆಷೀನಿಗೆ ಒಂದೇ ಕಾಯಿಲೆ ಇರುವುದಿಲ್ಲ ಎಂದು ಇವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಾನು ಇವರ ಮುಖವನ್ನು ನೋಡಲಾರದೆ ಹೋದೆ. ಕತ್ತಿನ ಹಿಂಭಾಗ ಮಾತ್ರ ನೋಡಿದೆ, ಬೆಳಗ್ಗೆ ನಾನೇ ಮಡಿಸಿದ ಕಾಲರನ್ನು ನೋಡಿದೆ.

ಯಾವುದು ಪ್ಯಾಕ್ ಮಾಡ್ಲಿ ಸರ್, ಎಂದು ಕೇಳುವ ಧೈರ್ಯ ಅವನಿಗಿರಲಿಲ್ಲ, ಇವರೇ ಹೇಳಿದರು, ಎರಡೂ ಒಳ್ಳೇ ಸ್ಟಿಕ್ಕಪ್ಪ, ಆ ಚಿಕ್ಕದಕ್ಕೂ ಏನೂ ಆಗಿಲ್ಲ, ಕಂಪ್ಲೇಂಟ್ ಅಂತ ಬರೀಬೇಡ, ಯಾರಾದ್ರೂ ಹುಡುಗರಿಗೆ ಕೊಡು. ನಿಮಗೆ ಸರ್, ಅಂದ ಅವನು. ಬೇಡ, ಅಂದರು. ಅಷ್ಟೇ, ಬೇಡ. ನಾನು ಅಳುತ್ತಿದ್ದೇನೆ, ಸದ್ದಿಲ್ಲದೆ, ಕೋಣೆ ಕತ್ತಲಾಗಿರುವುದು ಒಳ್ಳೆಯದಾಯಿತು, ಇಳಿಯಿರಿ ರೀ, ಮನೆಗೆ ಹೋಗೋಣ, ಎಂದು ಭುಜ ಮುಟ್ಟಿದೆ, ಇರು, ಮಧ್ಯದಲ್ಲಿ ಬಿಟ್ಟು ಏಳಬಾರದು, ಅಂದರು. ಅದುರುತ್ತಲೇ ಇಳಿಸಿದರು, ವೃತ್ತದೊಳಗೇ ಇಳಿಸಿದರು, ನಡುವಿನಲ್ಲಿ ಅಲ್ಲ, ಒಂದು ಮಗ್ಗುಲಿಗೆ, ಲಿವರನ್ನು ಪೂರ್ತಿ ಕೆಳಗೆ ಒತ್ತಿದರು, ಮುದಸ್ಸಿರನಿಗೆ ಒಂದೊಂದೇ ಹೆಸರು ಹೇಳಿ ಸ್ವಿಚ್ಚುಗಳನ್ನು ಆಫ್ ಮಾಡಿಸಿದರು, ಬಾಯಿಪಾಠದಿಂದ, ಒಂದೂ ತಪ್ಪದೆ, ಎಂಜಿನ್ ಸದ್ದು ಇಳಿಯಿತು, ಇಳಿದು ನಿಂತಿತು. ತಲೆಯ ಮೇಲಿನ ಬ್ಲೇಡು ಪೂರ್ತಿ ನಿಲ್ಲುವವರೆಗೆ ಪೈಲಟ್ ಸೀಟು ಬಿಡುವ ಹಾಗಿಲ್ಲ, ಹೊರಗೆ ಊರೇ ಹೂವಿನ ಹಾರ ಹಿಡಿದು ನಿಂತಿರಲಿ, ಪ್ರಳಯವೇ ಆಗಲಿ, ಕೂತಿರಬೇಕು, ಅದು ಪದ್ಧತಿ, ಹಾಗಾಗಿ ಕೂತಿದ್ದಾರೆ, ನಾನೂ ನಿಂತಿದ್ದೇನೆ, ಮುದಸ್ಸಿರನೂ ನಿಂತಿದ್ದಾನೆ, ಟೀವಿಯ ಮೇಲ್ತುದಿಯಲ್ಲಿ ಬ್ಲೇಡಿನ ನೆರಳು ಹಾಯುತ್ತದೆ, ಇನ್ನೊಂದು ಹಾಯುತ್ತದೆ, ನಿಧಾನ, ಇನ್ನೂ ನಿಧಾನ, ಒಂದು ಸಲ ಹಿಂದಕ್ಕೆ ಒಲೆದು, ನಿಂತಿತು. ನಿಂತಿತು ರೀ, ಏಳಿ. ಏಳುತ್ತಿಲ್ಲ. ಸ್ಟಿಕ್ ಬಿಟ್ಟಿದ್ದಾರೆ, ಬಲಗೈಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಾರೆ, ಅದನ್ನೇ ನೋಡುತ್ತಾ ಕೂತಿದ್ದಾರೆ, ತಾಳ್ಮೆಯಿಂದ, ಅದೂ ಪೂರ್ತಿ ನಿಂತ ಮೇಲೆ ಎದ್ದರಾಯಿತು ಎನ್ನುವ ಹಾಗೆ, ತೊಡೆಯ ಮೇಲೆ ಆ ಕೈ, ಮುದಸ್ಸಿರ್ ಲೈಟು ಹಾಕಿದ, ಆ ಕೈ, ಇವರು ಕಾಯುತ್ತಿದ್ದಾರೆ, ಆ ಕೈ —